ಹಸುಗೂಸಿನ ಮೂಗೂ ಕೊಳವೆಯ ನಿಯಮವೂ

ದೊಡ್ಡವರಿಗೆ ನೆಗಡಿಯೆಂಬುದು ನಾಲ್ಕು ದಿನದ ಕಿರಿಕಿರಿ. ಮೂಗು ಕಟ್ಟಿದರೆ ಬಾಯಿಂದ ಉಸಿರಾಡುತ್ತೇವೆ; ಕರವಸ್ತ್ರ ಹಿಡಿದು ಮೂಗನ್ನು ಶುಚಿಮಾಡಿಕೊಳ್ಳುತ್ತೇವೆ; ಸ್ವಲ್ಪ ಗೊಣಗುತ್ತೇವೆ. ಎರಡು ತಿಂಗಳ ಕೂಸಿಗೆ ಈ ಯಾವ ಸೌಕರ್ಯವೂ ಇಲ್ಲ. ಮೊದಲ ಕೆಲವು ತಿಂಗಳು ಶಿಶುವು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಅದರ ಧ್ವನಿಪೆಟ್ಟಿಗೆಯು ಕಂಠದಲ್ಲಿ ನಮ್ಮದಕ್ಕಿಂತ ಮೇಲೆ ಇದ್ದು, ಹಾಲು ಕುಡಿಯುವುದೂ ಉಸಿರಾಡುವುದೂ ಒಂದರ ಜೊತೆಗೊಂದು ನಡೆಯಲು ಅನುಕೂಲವಾಗಿದೆ. ಮೂಗು ಕಟ್ಟಿತೆಂದರೆ ಈ ಏರ್ಪಾಡೆಲ್ಲವೂ ಕೆಡುತ್ತದೆ. ಕೂಸು ಎರಡು ಗುಟುಕು ಕುಡಿದು ಮೊಲೆ ಬಿಟ್ಟು ಅಳುತ್ತದೆ, ಮನೆಯವರಿಗೆಲ್ಲ ನಿದ್ರೆಯಿಲ್ಲ.

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಪಟ್ಟಣಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲಿನಲ್ಲಿವೆ. ಮಾರ್ಗಶಿರದಿಂದ ಪುಷ್ಯದವರೆಗೆ ಇಲ್ಲಿ ರಾತ್ರಿಗಳು ಚಳಿಯವು, ಗಾಳಿ ಒಣಗಿದ್ದು. ತೊಗರಿಯ ರಾಶಿಯ ಧೂಳೂ ಆಗಲೇ ಏಳುತ್ತದೆ. ಮಾಣಿಕನಗರದ ದತ್ತ ಜಯಂತಿಯ ಉತ್ಸವ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಇವೆರಡೂ ಆ ಕಾಲದವೇ. ನೆಂಟರು ಬರುತ್ತಾರೆ, ಕೂಸು ಹತ್ತು ಜನರ ಕೈಯಿಂದ ಕೈಗೆ ಹೋಗುತ್ತದೆ, ಯಾರದೋ ನೆಗಡಿ ಅದಕ್ಕೂ ಬರುತ್ತದೆ. ನೆಗಡಿಯನ್ನು ತರುವುದು ವೈರಾಣುವೇ ಹೊರತು ಸ್ನಾನವಲ್ಲ ಎಂಬುದನ್ನು ವಾಚಕರು ಬಲ್ಲರು. ಆ ಬಳಿಕ ಮನೆಯಲ್ಲಿ ಉಪಚಾರ ಪ್ರಾರಂಭವಾಗುತ್ತದೆ: ಲೋಬಾನದ ಹೊಗೆ, ಮೂಗಿಗೆ ಎಣ್ಣೆ, ಎದೆಗೆ ಕರ್ಪೂರ, ಕೊನೆಗೆ ಅಂಗಡಿಯ ಸಿರಪ್ಪು. ಎಲ್ಲವೂ ಪ್ರೀತಿಯಿಂದಲೇ ನಡೆಯುತ್ತವೆ. ಆದರೆ ಎಲ್ಲವೂ ನಿಲ್ಲಬೇಕೆಂದೂ, ನಿಲ್ಲಿಸುವ ಕೆಲಸವನ್ನು ಆ ಮನೆಯಲ್ಲಿ ಓದುತ್ತಿರುವ ಹುಡುಗನೋ ಹುಡುಗಿಯೋ ವಹಿಸಿಕೊಳ್ಳಬೇಕೆಂದೂ ನನ್ನ ಅಭಿಪ್ರಾಯ. ನಾನು ವೈದ್ಯನಲ್ಲ, ಭೌತಶಾಸ್ತ್ರದ ಅಧ್ಯಾಪಕ. ಆದರೆ ಕಟ್ಟಿದ ಮೂಗಿನ ಪ್ರಶ್ನೆಯಲ್ಲಿ ಬಹುಪಾಲು ಭೌತಶಾಸ್ತ್ರವೇ ಇದೆ.

ಬಿ.ಎಸ್‌ಸಿ. ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಸಪೂರವಾದ ಗಾಜಿನ ಕೊಳವೆಯಲ್ಲಿ ನೀರು ಹರಿಸಿ ಅದರ ಸ್ನಿಗ್ಧತೆಯನ್ನು ಅಳೆಯುತ್ತಾರೆ. ಅಲ್ಲಿ ಬರುವ ಪ್ವಾಸಯ್ ಎಂಬ ಹೆಸರನ್ನು ನಮ್ಮ ಕಾಲೇಜುಗಳಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಉಚ್ಚರಿಸುತ್ತೇವೆ. ಆತ ಫ್ರಾನ್ಸಿನ ಒಬ್ಬ ವೈದ್ಯ; ರಕ್ತವು ಸೂಕ್ಷ್ಮ ನಾಳಗಳಲ್ಲಿ ಹೇಗೆ ಹರಿಯುತ್ತದೆಂದು ತಿಳಿಯುವುದಕ್ಕಾಗಿಯೇ 1840ರ ಸುಮಾರಿಗೆ ಈ ನಿಯಮವನ್ನು ಕಂಡುಕೊಂಡ. ಒತ್ತಡವೂ ಉದ್ದವೂ ಬದಲಾಗದಿದ್ದರೆ, ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ನಾಲ್ಕನೆಯ ಘಾತವೆಂಬುದನ್ನು ಬಾಯಿಪಾಠ ಮಾಡಿ ಮರೆಯುವುದು ಸುಲಭ. ಒಂದು ಲೆಕ್ಕವನ್ನು ಮಾಡಿ ನೋಡೋಣ. ಎರಡು ಕೊಳವೆಗಳಿವೆ: ಒಂದರ ತ್ರಿಜ್ಯ 4 ಮಿಲಿಮೀಟರ್, ಇನ್ನೊಂದರದು 2 ಮಿಲಿಮೀಟರ್. ಎರಡರ ಒಳಗೋಡೆಯೂ 1 ಮಿಲಿಮೀಟರಿನಷ್ಟು ಊದಿಕೊಂಡಿತೆನ್ನೋಣ. ದೊಡ್ಡ ಕೊಳವೆಯ ತಡೆಯು ಸುಮಾರು ಮೂರು ಪಟ್ಟಾಗುತ್ತದೆ. ಚಿಕ್ಕದರ ತಡೆಯಾದರೋ ಹದಿನಾರು ಪಟ್ಟು! ಮೂಗು ದುಂಡನೆಯ ನೇರ ಕೊಳವೆಯಲ್ಲ, ಅದರೊಳಗಿನ ಗಾಳಿ ಎಲ್ಲೆಡೆಯೂ ಶಾಂತವಾಗಿ ಹರಿಯುವುದಿಲ್ಲ ಎಂದು ಜಾಣ ವಿದ್ಯಾರ್ಥಿ ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ, ಆದರೆ ಹರಿವು ಪ್ರಕ್ಷುಬ್ಧವಾದರೆ ಸಪೂರ ಕೊಳವೆಯ ಪಾಡು ಇನ್ನೂ ಕಷ್ಟ. ದೊಡ್ಡವರ ಲೆಕ್ಕಕ್ಕೆ ಬಾರದ ಸ್ವಲ್ಪ ಊತ, ಸ್ವಲ್ಪ ಲೋಳೆ ಕೂಸಿಗೆ ಅಷ್ಟೊಂದು ತೊಂದರೆ ಕೊಡುವುದು ಇದರಿಂದಲೇ.

ಇದೇ ನಿಯಮದಲ್ಲಿ ಸಮಾಧಾನದ ಮಾತೂ ಇದೆ. ದಾರಿ ಕೊಂಚ ತೆರೆದರೂ ಹರಿವು ಬಹಳ ಹೆಚ್ಚುತ್ತದೆ. ಆದ್ದರಿಂದ ಕೂಸಿನ ಮೂಗಿಗೆ ಬೇಕಾದುದು ಬಲವಾದ ಮದ್ದಲ್ಲ. ಗಟ್ಟಿಯಾದ ಲೋಳೆಯನ್ನು ಸ್ವಲ್ಪ ತೆಳ್ಳಗೆ ಮಾಡಿದರೆ ಸಾಕು. ಅದಕ್ಕೆ ಉಪ್ಪುನೀರಿದೆ. ನಮ್ಮ ದೇಹದ್ರವಗಳಿಗೆ ಸರಿಸಾಟಿಯಾದ ಉಪ್ಪುನೀರಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ, ಎಂದರೆ ಶೇಕಡ 0.9. ಬರಿಯ ನೀರನ್ನು ಹಾಕಿದರೆ ಅದು ಅಭಿಸರಣದಿಂದ ಮೂಗಿನ ಜೀವಕೋಶಗಳೊಳಕ್ಕೆ ನುಗ್ಗಿ ಉರಿಯುಂಟುಮಾಡುತ್ತದೆ. ಉಪ್ಪು ಅತಿಯಾದರೂ ಉರಿಯೇ. ಮನೆಯಲ್ಲಿ ಚಿಟಿಕೆ ಲೆಕ್ಕದಲ್ಲಿ ಉಪ್ಪು ಬೆರೆಸುವುದನ್ನು ನಾನು ಒಪ್ಪಲಾರೆ. ಚಿಟಿಕೆ ಅಳತೆಯಲ್ಲ, ಹರಳುಪ್ಪಿನ ಚಮಚಕ್ಕೂ ಪುಡಿಯುಪ್ಪಿನ ಚಮಚಕ್ಕೂ ತೂಕ ಬೇರೆ. ಔಷಧದಂಗಡಿಯಲ್ಲಿ ಸಲೈನ್ ಹನಿಗಳ ಚಿಕ್ಕ ಸೀಸೆ ಸ್ವಲ್ಪ ಬೆಲೆಗೇ ದೊರೆಯುತ್ತದೆ. ಅದು ಶೇಕಡ 0.65ರದಾಗಿದ್ದರೂ ಅಡ್ಡಿಯಿಲ್ಲ. ಕೂಸನ್ನು ಅಂಗಾತ ಮಲಗಿಸಿ, ಹಾಲೂಡುವುದಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಒಂದೊಂದು ಹೊಳ್ಳೆಗೆ ಒಂದೆರಡು ಹನಿ ಬಿಟ್ಟು, ಒಂದು ನಿಮಿಷ ಕಾದು, ಹೊರಗೆ ಬಂದುದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ರಬ್ಬರಿನ ಹೀರುಬುರುಡೆಯನ್ನು ಉಪಯೋಗಿಸುವುದಾದರೆ ಮೊದಲು ಹೊರಗೆ ಒತ್ತಿ ಹಿಡಿದು, ಹೊಳ್ಳೆಯ ಬಾಯಿಗೆ ಮೆಲ್ಲನೆ ತಾಗಿಸಿ, ಆಮೇಲೆ ಸಡಿಲಿಸಬೇಕು. ದಿನಕ್ಕೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಬೇಡ, ಏಕೆಂದರೆ ಪದೇ ಪದೇ ಹೀರಿದರೆ ಊತವೇ ಹೆಚ್ಚುತ್ತದೆ. ಬತ್ತಿ, ಕಡ್ಡಿಗಳನ್ನು ಒಳಗೆ ತೂರಿಸಲೇಬಾರದು. ಲೋಳೆ ಇಲ್ಲದೆ ಬರಿದೆ ಗೊರಗೊರ ಸದ್ದಾಗುತ್ತಿದ್ದು ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಏನನ್ನೂ ಮಾಡಬೇಕಾಗಿಲ್ಲ.

ಈ ಸೀಸೆಯ ವಿಷಯದಲ್ಲೇ ವಿದ್ಯಾರ್ಥಿಯ ಮುಖ್ಯ ಕರ್ತವ್ಯವಿದೆ. ಅಂಗಡಿಯಲ್ಲಿ ಮೂಗಿನ ಹನಿಗಳ ಇನ್ನೊಂದು ಬಗೆಯ ಸೀಸೆಯೂ ಇರುತ್ತದೆ. ಗಾತ್ರ, ಆಕಾರ ಎರಡರದೂ ಹೆಚ್ಚು ಕಡಿಮೆ ಒಂದೇ. ಅದರಲ್ಲಿರುವುದು ಝೈಲೋಮೆಟಝೋಲಿನ್ ಇಲ್ಲವೆ ಆಕ್ಸಿಮೆಟಝೋಲಿನ್. ಅವು ರಕ್ತನಾಳಗಳನ್ನು ಕುಗ್ಗಿಸಿ ಮೂಗನ್ನು ತೆರೆಯುತ್ತವೆ. ಶಿಶುವಿನ ಮೈಗೆ ಸೇರಿದರೆ ಅತಿಯಾದ ಮಂಪರನ್ನೂ ಹೃದಯ, ಉಸಿರುಗಳ ಏರುಪೇರನ್ನೂ ಉಂಟುಮಾಡಬಲ್ಲವು. ವೈದ್ಯರು ಹೇಳದೆ ಅವನ್ನು ಕೂಸಿಗೆ ಮುಟ್ಟಿಸಕೂಡದು. ಚೀಟಿಯ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಆ ಮನೆಯಲ್ಲಿ ಓದಬಲ್ಲವರು ಅನೇಕ ವೇಳೆ ಕಾಲೇಜಿಗೆ ಹೋಗುವವರು ಮಾತ್ರ. ‘ಸೋಡಿಯಂ ಕ್ಲೋರೈಡ್’ ಎಂಬ ಒಂದೇ ಹೆಸರಿದ್ದರೆ ಸರಿ. ಮತ್ತೊಂದು ಹೆಸರು ಕಂಡರೆ ಸೀಸೆಯನ್ನು ಹಿಂದಿರುಗಿಸಬೇಕು.

ಇನ್ನು ಹೊಗೆ. ಬಾಣಂತಿಯ ಕೋಣೆಯನ್ನು ಮುಚ್ಚಿ ಕೆಂಡವಿಟ್ಟು, ಅದರ ಮೇಲೆ ಲೋಬಾನವನ್ನೋ ಬೆಳ್ಳುಳ್ಳಿ ಸಿಪ್ಪೆಯನ್ನೋ ಉದುರಿಸಿ ಕೂಸನ್ನು ಹೊಗೆಗೆ ಹಿಡಿಯುತ್ತಾರೆ. 12 ಡಿಗ್ರಿಯ ಗಾಳಿ ಪೂರ್ಣ ಆರ್ದ್ರವಾಗಿದ್ದರೂ ಘನ ಮೀಟರಿಗೆ ಸುಮಾರು 11 ಗ್ರಾಂ ನೀರಾವಿಯನ್ನಷ್ಟೇ ಹಿಡಿದಿರುತ್ತದೆ. ಅದನ್ನೇ 24 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು 22 ಗ್ರಾಂ ಹಿಡಿಯಬಲ್ಲದು. ಹೀಗಾಗಿ ಸಾಪೇಕ್ಷ ಆರ್ದ್ರತೆ ಅರ್ಧಕ್ಕಿಳಿಯುತ್ತದೆ. ಒಣಗಾಳಿಯಲ್ಲಿ ಲೋಳೆ ಇನ್ನಷ್ಟು ಗಟ್ಟಿಯಾಗುತ್ತದೆ, ಹೊಗೆಯಿಂದ ಒಳಪೊರೆ ಇನ್ನಷ್ಟು ಊದುತ್ತದೆ. ತ್ರಿಜ್ಯ ಯಾವ ಕಡೆಗೆ ಹೋಯಿತೆಂದು ನೀವೇ ನೋಡಿ. ಮುಚ್ಚಿದ ಕೋಣೆಯ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡು ತಾಯಿ ಮಗು ಇಬ್ಬರ ಪ್ರಾಣಕ್ಕೂ ಎರವಾಗಬಲ್ಲದು. ಕೂಸಿಗೆ ಬೆಚ್ಚನೆ ಬೇಕೆಂದರೆ ತಾಯಿಯ ಮೈಶಾಖವಿದೆ, ಟೊಪ್ಪಿಗೆಯಿದೆ, ದುಪ್ಪಟಿಯಿದೆ.

ಹಬೆಯೂ ಬೇಡ. ಹಬೆಯ ಒಂದು ಗ್ರಾಂ ಚರ್ಮದ ಮೇಲೆ ನೀರಾಗುವಾಗಲೇ ಸುಮಾರು 2,260 ಜೂಲ್ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಕುದಿನೀರಿನ ಒಂದು ಗ್ರಾಂ ಮೈಯ ಉಷ್ಣತೆಗೆ ಇಳಿಯುವಾಗ ಕೊಡುವುದು ಅದರ ಎಂಟರಲ್ಲೊಂದು ಪಾಲು ಮಾತ್ರ. ಪಾತ್ರೆ ಮಗುಚಿ ಆಗುವ ಅನಾಹುತ ಬೇರೆ. ಮೂಗಿಗೆ ಬಿಡುವ ಎಣ್ಣೆ, ತುಪ್ಪಗಳು ಕೆಮ್ಮನ್ನೂ ಎಬ್ಬಿಸದೆ ಜಾರಿ ಶ್ವಾಸಕೋಶಕ್ಕಿಳಿದು ಅಲ್ಲಿಯೇ ನಿಲ್ಲುತ್ತವೆ. ಅದರಿಂದಾಗುವ ನ್ಯುಮೋನಿಯಾ ವೈದ್ಯರಿಗೆ ಚೆನ್ನಾಗಿ ಪರಿಚಿತವಾದುದು. ಪುದೀನದ ಸತ್ತ್ವವಿರುವ ಮುಲಾಮಿನ ಕಥೆ ಸ್ವಾರಸ್ಯವಾಗಿದೆ: ಅದು ಮೂಗಿನೊಳಗಿನ ತಂಪು ತಿಳಿಸುವ ನರಗಳನ್ನು ಕೆಣಕುವುದರಿಂದ ಗಾಳಿ ಸಲೀಸಾಗಿ ಹೋಗುತ್ತಿರುವಂತೆ ನಮಗೆ ತೋರುತ್ತದೆ, ಆದರೆ ಉಪಕರಣವಿಟ್ಟು ಅಳೆದರೆ ತಡೆ ಇದ್ದಷ್ಟೇ ಇರುತ್ತದೆ. ದೊಡ್ಡವರಿಗೆ ಆ ಭ್ರಮೆಯಿಂದ ಹಾನಿಯಿಲ್ಲ. ಶಿಶುವಿನ ಮೂಗಿನ ಬಳಿ ಅದು ಉಸಿರನ್ನೇ ತಡೆಹಿಡಿಯಬಹುದು. ಕರ್ಪೂರವು ಮೈಸೇರಿದರೆ ಸೆಳವು ಬರಬಹುದು.

ಸಿರಪ್ಪುಗಳ ವಿಷಯದಲ್ಲಿ ಸರ್ಕಾರವೇ ಮಾತನಾಡಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ನೆಗಡಿ ಮದ್ದನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಸೀಸೆಯ ಮೇಲೆಯೇ ಮುದ್ರಿಸಬೇಕೆಂದು ಭಾರತದ ಔಷಧ ಮಹಾನಿಯಂತ್ರಕರು 2023ರ ಡಿಸೆಂಬರಿನಲ್ಲಿ ತಿಳಿಸಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ, ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದ ಕೆಮ್ಮಿನ ಸಿರಪ್ಪು ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಮೃತಪಟ್ಟರು. ಅದೇ ಅಕ್ಟೋಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಮದ್ದುಗಳನ್ನು ಬರೆದುಕೊಡಲೇಬಾರದೆಂದು ಸೂಚಿಸಿತು. ವಿಷ ಬೆರೆಯದ ಸಿರಪ್ಪಿನಿಂದಲೂ ಹಸುಗೂಸಿಗೆ ಪ್ರಯೋಜನವಿಲ್ಲವೆಂಬುದು ಇದರ ಹಿಂದಿನ ತಿಳುವಳಿಕೆ.

“ನಿಮ್ಮಪ್ಪನ್ನ ಹಿಂಗೇ ಬೆಳೆಸೀನಿ” ಎಂದು ಆಯಿ ಹೇಳಿಯೇ ಹೇಳುತ್ತಾಳೆ. ಉಳಿಯದ ಕೂಸುಗಳ ಲೆಕ್ಕ ಆ ಮಾತಿನಲ್ಲಿ ಬರುವುದಿಲ್ಲ. ಆದರೂ ಅವಳೊಡನೆ ವಾದಕ್ಕಿಳಿಯುವುದನ್ನು ನಾನು ಮೆಚ್ಚಲಾರೆ. ಅವಳು ಬಲ್ಲದ್ದರಲ್ಲಿ ಸರಿಯಾದುದು ಬಹಳವಿದೆ: ಮತ್ತೆ ಮತ್ತೆ ಮೊಲೆಯೂಡಿಸುವುದು, ಕೂಸನ್ನು ಎದೆಗವಚಿಕೊಳ್ಳುವುದು, ನೆಗಡಿಯಾದವರನ್ನು ಬಾಣಂತಿ ಕೋಣೆಯ ಹೊಸ್ತಿಲಿನಲ್ಲೇ ತಡೆಯುವುದು. ಇವನ್ನು ಮೊದಲು ಒಪ್ಪಿ, ಉಪ್ಪುನೀರಿನ ಹನಿಯನ್ನು ಅವಳ ಕೈಯಿಂದಲೇ ಹಾಕಿಸಿದರೆ ಲೋಬಾನದ ಡಬ್ಬಿ ತಾನಾಗಿ ಮೂಲೆ ಸೇರೀತು. ತಲೆದಿಂಬಿನ ವಿಚಾರದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಬೇಕು: ಮೂಗು ಕಟ್ಟಿದ್ದರೂ ಕೂಸು ಸಮತಟ್ಟಾದ ಹಾಸಿಗೆಯ ಮೇಲೆ ದಿಂಬಿಲ್ಲದೆ ಅಂಗಾತವೇ ಮಲಗಬೇಕು.

ಮನೆಯ ಉಪಚಾರಕ್ಕೆ ಒಂದು ಗಡಿಯಿದೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ತುಟಿ ನೀಲಿಗಟ್ಟುವುದು, ಹಾಲು ಬಿಡುವುದು, ಎಬ್ಬಿಸಿದರೂ ಏಳದಿರುವುದು, ಮೂರು ತಿಂಗಳೊಳಗಿನ ಕೂಸಿಗೆ ಜ್ವರ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಬಸವಕಲ್ಯಾಣದ್ದೋ ಹುಮನಾಬಾದಿನದೋ ತಾಲ್ಲೂಕು ಆಸ್ಪತ್ರೆಗೆ ಹೊರಡಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಉಸಿರಿನ ಎಣಿಕೆಯೂ ಹಾಗೆಯೇ: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು ಇದ್ದರೆ ತಡಮಾಡಬಾರದು. ಎಣಿಸುವಾಗ ಕೂಸು ಅಳುತ್ತಿರಬಾರದು. ಅಂಗಿಯನ್ನು ಮೇಲೆತ್ತಿ, ಹೊಟ್ಟೆಯ ಏರಿಳಿತವನ್ನು ನೋಡುತ್ತ, ಗಡಿಯಾರದಲ್ಲಿ ಪೂರ್ತಿ ಅರವತ್ತು ಸೆಕೆಂಡು ಎಣಿಸಬೇಕು. ಶಿಶುವಿನ ಉಸಿರು ಲೋಲಕದಂತೆ ಸಮವಾಗಿ ನಡೆಯುವುದಿಲ್ಲ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಉತ್ತರ ತಪ್ಪಬಹುದು. ಚಿಕ್ಕ ಕೂಸಿನಲ್ಲಿ ಎಣಿಕೆ 60 ದಾಟಿದರೆ ಕೂಡಲೇ ಇನ್ನೊಮ್ಮೆ ಎಣಿಸಿ, ಎರಡು ಸಂಖ್ಯೆಗಳನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.