ಫಿಟ್ಸ್ ಬಂದ ಕೂಸಿನ ಕ್ಯಾಲ್ಸಿಯಂ ನೋಡಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಎಳೆಗೂಸು ಸೆಟೆದುಕೊಂಡರೆ ಬಾಲಗ್ರಹವೆಂದು ತಾಯತ ಕಟ್ಟಿಸುವವರು ಈಗಲೂ ಇದ್ದಾರೆ. ನನ್ನ ತಕರಾರು ಅವರ ಮೇಲಲ್ಲ. ಆಸ್ಪತ್ರೆಗೆ ತಂದ ಮೇಲೂ ಕಾಯಿಲೆಗೆ ಹೆಸರು ಸಿಗದಿದ್ದರೆ ಆ ತಾಯಿ ಇನ್ನೆಲ್ಲಿಗೆ ಹೋಗಬೇಕು?

ಡಿಜಾರ್ಜ್ ಸಿಂಡ್ರೋಮ್ ಅಂಥದ್ದೊಂದು ಕಾಯಿಲೆ. 22ನೇ ಕ್ರೋಮೋಸೋಮಿನ ಒಂದು ಚೂರು ಇಲ್ಲದೆ ಮಗು ಹುಟ್ಟುತ್ತದೆ. ಅಂದಾಜು 4,000 ಹೆರಿಗೆಗೆ ಒಂದು. ಅಮೆರಿಕದ ವೈದ್ಯ ಆಂಜೆಲೊ ಡಿಜಾರ್ಜ್ 1965ರಲ್ಲೇ ಇದನ್ನು ವಿವರಿಸಿದ್ದರು. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸರಿಯಾಗಿ ಬೆಳೆಯದೆ ರಕ್ತದ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರುತ್ತದೆ. ಎದೆಯ ಥೈಮಸ್ ಗ್ರಂಥಿ ಸಣ್ಣದಾಗಿ ಸೋಂಕು ತಡೆಯುವ ಶಕ್ತಿ ಕುಂದುತ್ತದೆ. ಹಲವರಲ್ಲಿ ಹೃದಯದ ದೋಷ, ಅಂಗುಳಿನ ಸೀಳು. ಕುಡಿದ ಹಾಲು ಮೂಗಿನಲ್ಲಿ ಬರುತ್ತದೆ.

2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಹೃದಯದ ದೋಷವೂ ಇದೆ, ಸೀಳು ಅಂಗುಳೂ ಇದೆ. ಇವೆರಡನ್ನೂ ಫಿಟ್ಸ್ ಜೊತೆ ಕೂಡಿಸಿ ನೋಡುವ ಸಾಲು ಮಾತ್ರ ಇಲ್ಲ. ಹೃದಯಕ್ಕೊಂದು ಆಸ್ಪತ್ರೆ, ಅಂಗುಳಿಗೊಂದು, ಪದೇ ಪದೇ ಬರುವ ನ್ಯುಮೋನಿಯಾಕ್ಕೆ ಮತ್ತೊಂದು. ಕೂಸು ಒಂದೇ, ಕಡತ ಮೂರು.

ಹೆಸರು ಗೊತ್ತಾದರೆ ಚಿಕಿತ್ಸೆಯೇ ಬದಲಾಗುತ್ತದೆ. ಫಿಟ್ಸಿಗೆ ಕ್ಯಾಲ್ಸಿಯಂ ಕೊಡಬೇಕು. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ವಿಕಿರಣಕ್ಕೊಡ್ಡಿದ ರಕ್ತವನ್ನೇ ಹಾಕಬೇಕಾಗಬಹುದು. ಥೈಮಸ್ ಪೂರ್ತಿ ಇಲ್ಲದ ಅಪರೂಪದ ಮಕ್ಕಳಿಗೆ ಬಿಸಿಜಿಯಂಥ ಜೀವಂತ ಲಸಿಕೆ ಅಪಾಯ. ಹಾಗೆಂದು ಯಾರೂ ತಾವಾಗಿ ಲಸಿಕೆ ತಪ್ಪಿಸಬಾರದು. ಬಹುಪಾಲು ಮಕ್ಕಳಲ್ಲಿ ಕೊರತೆ ಅಲ್ಪ, ವೈದ್ಯರೇ ಪರೀಕ್ಷಿಸಿ ಹೇಳಬೇಕು.

ಸೋದರಮಾವನನ್ನು ಮದುವೆಯಾಗಿದ್ದಕ್ಕೇ ಹೀಗಾಯಿತೆಂದು ಬಾಣಂತಿಯನ್ನು ಹಂಗಿಸುವುದು ನಮ್ಮಲ್ಲಿ ಮಾಮೂಲು. ಆದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಈ ದೋಷ ತಂದೆತಾಯಿಯಿಂದ ಬಂದದ್ದೇ ಅಲ್ಲ. ಇದನ್ನು ಅತ್ತೆ, ಗಂಡಂದಿರ ಎದುರಿಗೇ ವೈದ್ಯರು ಬಾಯಿಬಿಟ್ಟು ಹೇಳಬೇಕು.

2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಮೇಲೆ ಹೇಳಿದ ಐದೂ ತಾಲ್ಲೂಕುಗಳಿಗೆ ಆಡಳಿತ ಹತ್ತಿರವಾಯಿತೆಂದರು. ಹಾಗಿದ್ದರೆ ಈ ಐದೂ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಫಿಟ್ಸ್ ಬಂದ ಪ್ರತಿ ನವಜಾತ ಶಿಶುವಿಗೂ ಕ್ಯಾಲ್ಸಿಯಂ ಪರೀಕ್ಷೆ ಕಡ್ಡಾಯವಾಗಲಿ. ಆಶಾ ಕಾರ್ಯಕರ್ತೆಯರು 3ನೇ ದಿನದಿಂದ 42ನೇ ದಿನದವರೆಗೆ ಬಾಣಂತಿ ಮನೆಗೆ ಹೋಗುತ್ತಾರಲ್ಲ, ಅವರಿಗೆ ಈ ಲಕ್ಷಣಗಳನ್ನು ಕಲಿಸಲಿ. ಶಂಕೆ ಬಂದರೆ ಬಡವರನ್ನು ಬೆಂಗಳೂರಿಗೆ ಅಲೆಸದೆ, ಹೊಸಪೇಟೆಯಿಂದಲೇ ರಕ್ತದ ಮಾದರಿಯನ್ನು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ಗೆ ಕಳಿಸುವ ಏರ್ಪಾಟನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಮಾಡಲಿ.

— ಓದುಗ, ಕೊಟ್ಟೂರು