ಮೊದಲ ಡಿಎಸ್ಎಲ್ಆರ್ ಕೊಳ್ಳುವ ಮುನ್ನ: ಮೆಗಾಪಿಕ್ಸೆಲ್ ಲೆಕ್ಕ ಬಿಡಿ, ಲೆನ್ಸ್ ಲೆಕ್ಕ ಹಿಡಿಯಿರಿ

108 ಮೆಗಾಪಿಕ್ಸೆಲ್ ಮೊಬೈಲ್ ಇರುವಾಗ 24 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ನಲವತ್ತು ಸಾವಿರ ಯಾಕೆ ಸುರಿಯಬೇಕು? ಹೀಗೆ ಕೇಳುವ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಒಂದು ಡಿಎಸ್ಎಲ್ಆರ್ ತಗೊಳ್ಳಿ, ತಿಂಗಳಿಗೆ ನಾಲ್ಕು ಮದುವೆ ಹಿಡಿಯಿರಿ, ಇಎಂಐ ತಾನಾಗಿಯೇ ತೀರುತ್ತದೆ. ಮೊದಲನೆಯದು ಅರ್ಧ ಸತ್ಯ. ಎರಡನೆಯದರಲ್ಲಿ ಅಷ್ಟೂ ಇಲ್ಲ.

ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಡಿಗ್ರಿ ಮುಗಿಸಿದ ಹುಡುಗ ಅಥವಾ ಹುಡುಗಿ ಕ್ಯಾಮೆರಾ ಕೇಳಿದರೆ ಮನೆಯವರು ಆ ದುಡ್ಡನ್ನು ತೆಂಗಿನಕಾಯಿ, ಅಡಿಕೆ ಮಾರಿದ ಹಣದಿಂದಲೇ ತೆಗೆದು ಕೊಡಬೇಕು. ತಪ್ಪಾದರೆ ಮತ್ತೊಂದು ವರ್ಷ ಕಾಯಬೇಕು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೆಗಾಪಿಕ್ಸೆಲ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕ್ಯಾಮೆರಾದೊಳಗೆ ಬೆಳಕು ಬೀಳುವ ಚಿಪ್ಪಿಗೆ ಸೆನ್ಸರ್ ಎನ್ನುತ್ತಾರೆ. ಆ ಚಿಪ್ಪನ್ನು ಎಷ್ಟು ಚುಕ್ಕಿಗಳಾಗಿ ಭಾಗ ಮಾಡಲಾಗಿದೆ ಎಂಬುದೇ ಮೆಗಾಪಿಕ್ಸೆಲ್. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕಿ. ಆದರೆ ಚಿಪ್ಪು ಎಷ್ಟು ದೊಡ್ಡದು ಎಂಬುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ.

108 ಮೆಗಾಪಿಕ್ಸೆಲ್ ಇರುವ ಮಧ್ಯಮ ಬೆಲೆಯ ಮೊಬೈಲಿನ ಸೆನ್ಸರ್ ಸುಮಾರು 8 ಮಿ.ಮೀ. ಅಗಲ, 6 ಮಿ.ಮೀ. ಎತ್ತರ ಇರುತ್ತದೆ. ನಿಕಾನ್ ಡಿ3500 ಎಂಬ ಆರಂಭಿಕ ಡಿಎಸ್ಎಲ್ಆರ್‌ನ ಸೆನ್ಸರ್ 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. ಗುಣಿಸಿ ನೋಡಿದರೆ ಏಳೆಂಟು ಪಟ್ಟು ದೊಡ್ಡದು. ಚಿತ್ರದುರ್ಗದ ಕೋಟೆಯ ಹೊಂಡಗಳಲ್ಲಿ ಮಳೆನೀರು ನಿಲ್ಲುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಳೆ ಸುರಿಯುವಾಗ ಒಂದು ಬಿಂದಿಗೆ ಇಟ್ಟರೆ ಬಿಂದಿಗೆಯ ಬಾಯಿಯಷ್ಟು ನೀರು, ಪರಾತ ಇಟ್ಟರೆ ಪರಾತದ ಅಗಲದಷ್ಟು ನೀರು. ಬಿಂದಿಗೆಯ ಬಾಯಿಗೆ ನೂರೆಂಟು ಗೆರೆ ಹಾಕಿ ಭಾಗ ಮಾಡಿದರೆ ನೀರು ಹೆಚ್ಚಾಗುವುದಿಲ್ಲ. ಮೊಬೈಲ್ ಕಂಪನಿಗಳಿಗೂ ಇದು ಗೊತ್ತು. 108 ಮೆಗಾಪಿಕ್ಸೆಲ್ ಮೊಬೈಲು ಸಾಮಾನ್ಯವಾಗಿ ಒಂಬತ್ತು ಚುಕ್ಕಿಗಳನ್ನು ಒಂದು ಮಾಡಿ 12 ಮೆಗಾಪಿಕ್ಸೆಲ್ ಫೋಟೋವನ್ನೇ ನಿಮ್ಮ ಕೈಗೆ ಕೊಡುತ್ತದೆ.

ಹಾಗಾದರೆ ಮೊಬೈಲ್ ಫೋಟೋ ಅಷ್ಟು ಚೆನ್ನಾಗಿ ಬರುವುದು ಹೇಗೆ? ಮೊಬೈಲ್ ಒಂದೇ ಕ್ಲಿಕ್ಕಿನಲ್ಲಿ ಹಲವು ಫೋಟೋ ತೆಗೆದು, ಬೆರೆಸಿ, ಬಣ್ಣ ತಿದ್ದಿ ಕೊಡುತ್ತದೆ. ಹಗಲು ಬೆಳಕಿನಲ್ಲಿ ಈ ಜಾಣತನ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. 1933ರ ನಂತರ ಮೊದಲ ಸಲ 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಎಲ್ಲರ ಮೊಬೈಲಿಗೂ ಬಂದ ಫೋಟೋಗಳಲ್ಲಿ ಹೆಚ್ಚಿನವು ಮೊಬೈಲಿನವೇ ಇರಬೇಕು. ಅವುಗಳಲ್ಲಿ ಕೊರತೆ ಯಾರಿಗೂ ಕಾಣಲಿಲ್ಲ. ವಾಟ್ಸಾಪ್ ಮಾಮೂಲಿ ಗುಣಮಟ್ಟದಲ್ಲಿ ಕಳಿಸುವ ಫೋಟೋದ ಉದ್ದನೆಯ ಬದಿಯನ್ನು ಸುಮಾರು 1600 ಚುಕ್ಕಿಗೆ ಇಳಿಸಿಬಿಡುತ್ತದೆ. ಅಂದರೆ ಹೆಚ್ಚುಕಡಿಮೆ 2 ಮೆಗಾಪಿಕ್ಸೆಲ್. ನೀವು 108ರಲ್ಲಿ ತೆಗೆದರೂ ಅಷ್ಟೇ, 24ರಲ್ಲಿ ತೆಗೆದರೂ ಅಷ್ಟೇ. ಸ್ಟೇಟಸ್ಸಿಗೆ ಹಾಕುವುದೊಂದೇ ಉದ್ದೇಶವಾದರೆ ಕ್ಯಾಮೆರಾ ಬೇಡ, ದುಡ್ಡು ಉಳಿಸಿ ಎಂದೇ ನಾವು ಹೇಳುತ್ತೇವೆ.

ಮೊಬೈಲ್ ಸೋಲುವ ಜಾಗಗಳು ಬೇರೆ. ಜೋಗಿಮಟ್ಟಿಯಲ್ಲಿ ದೂರದ ಬಂಡೆಯ ಮೇಲೆ ಕೂತ ನವಿಲು. ಹಿರಿಯೂರಿನ ತೇರುಮಲ್ಲೇಶ್ವರ ರಥೋತ್ಸವದಲ್ಲಿ ತೇರಿನತ್ತ ಹಾರುವ ಬಾಳೆಹಣ್ಣು. ಟ್ಯೂಬ್‌ಲೈಟಿನ ಕಲ್ಯಾಣ ಮಂಟಪ. ಮೊಬೈಲಿನ ಪೋರ್ಟ್ರೇಟ್ ಮೋಡ್ ಹಿನ್ನೆಲೆಯನ್ನು ಲೆಕ್ಕ ಹಾಕಿ ಮಸುಕು ಮಾಡುತ್ತದೆ. ಆದ್ದರಿಂದಲೇ ಮದುಮಗಳ ಕೂದಲ ಅಂಚು, ಮಲ್ಲಿಗೆ ದಂಡೆಯ ತುದಿ ಎಷ್ಟೋ ಸಲ ಹಿನ್ನೆಲೆಯ ಜೊತೆ ಕರಗಿಹೋಗುತ್ತವೆ. ಕ್ಯಾಮೆರಾದಲ್ಲಿ ಆ ಮಸುಕು ಲೆನ್ಸಿನಿಂದಲೇ ಬರುತ್ತದೆ.

ದುಡ್ಡು ಹೋಗಬೇಕಾದ್ದು ಲೆನ್ಸಿಗೆ

ಅಂಗಡಿಯಲ್ಲಿ ಎಲ್ಲರೂ ಬಾಡಿಯ ಹೆಸರು ಕೇಳುತ್ತಾರೆ. ಫೋಟೋದ ಗುಣ ಹೆಚ್ಚಾಗಿ ತೀರ್ಮಾನವಾಗುವುದು ಅದರ ಮುಂದೆ ಕೂರುವ ಗಾಜಿನಿಂದ. ಬಾಡಿಯ ಜೊತೆ ಬರುವ 18-55 ಮಿ.ಮೀ. ಕಿಟ್ ಲೆನ್ಸ್ ಕೆಟ್ಟದ್ದಲ್ಲ. ಕಲಿಯಲು, ಕೋಟೆ, ಚಂದ್ರವಳ್ಳಿ ಸುತ್ತಲು ಅದೇ ಸಾಕು. ಆದರೆ ಅದನ್ನು ಜೂಮ್ ಮಾಡಿ 55ಕ್ಕೆ ತಂದಾಗ ಅದರ ಕಂಡಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಜೂಮ್ ಇಲ್ಲದ 50 ಮಿ.ಮೀ. ಎಫ್/1.8 ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. (ಎಫ್ ಪಕ್ಕದ ಸಂಖ್ಯೆ ಸಣ್ಣದಾದಷ್ಟೂ ಕಂಡಿ ದೊಡ್ಡದು. ಈ ತಲೆಕೆಳಗಾದ ಲೆಕ್ಕ ಹೊಸಬರನ್ನೆಲ್ಲ ಒಂದು ವಾರ ಕಾಡುತ್ತದೆ.) ಹತ್ತು ಸಾವಿರ ರೂಪಾಯಿಯ ಆಸುಪಾಸಿನ ಈ ಪುಟ್ಟ ಲೆನ್ಸ್, ಇಪ್ಪತ್ತು ಸಾವಿರ ಹೆಚ್ಚು ಕೊಟ್ಟು ಕೊಂಡ ಬಾಡಿ ಮಾಡಲಾಗದ್ದನ್ನು ಮಾಡುತ್ತದೆ.

ಒಂದು ಎಚ್ಚರಿಕೆ. ಆರಂಭಿಕ ಡಿಎಸ್ಎಲ್ಆರ್‌ಗಳ ಸೆನ್ಸರ್ ಹಳೆಯ ಫಿಲ್ಮಿಗಿಂತ ಸಣ್ಣದು, ಹಾಗಾಗಿ 50 ಮಿ.ಮೀ. ಲೆನ್ಸ್ ಅವುಗಳ ಮೇಲೆ ಇನ್ನಷ್ಟು ಹತ್ತಿರದ ನೋಟ ಕೊಡುತ್ತದೆ. ನಡುಮನೆಯಲ್ಲಿ ನಾಮಕರಣದ ಗುಂಪು ಫೋಟೋ ತೆಗೆಯಲು ಹೋದರೆ ಬೆನ್ನು ಗೋಡೆಗೆ ತಾಗಿದರೂ ಎಲ್ಲರೂ ಹಿಡಿಸುವುದಿಲ್ಲ. ಮನೆಯೊಳಗಿನ ಕೆಲಸವೇ ಹೆಚ್ಚಾದರೆ ನಿಕಾನ್‌ನಲ್ಲಿ 35 ಮಿ.ಮೀ. ಎಫ್/1.8, ಕ್ಯಾನನ್‌ನಲ್ಲಿ 24 ಮಿ.ಮೀ. ಎಫ್/2.8 ನೋಡಿ. ಹಕ್ಕಿ, ಪ್ರಾಣಿಯ ಹುಚ್ಚಿದ್ದರೆ ಕ್ಯಾನನ್‌ನ 55-250 ಅಥವಾ ನಿಕಾನ್‌ನ 70-300. ಆಡುಮಲ್ಲೇಶ್ವರದ ಮೃಗಾಲಯದಲ್ಲಿ ಇಂಥ ಲೆನ್ಸನ್ನು ಪೂರ್ತಿ ಜೂಮ್ ಮಾಡಿ, ಕಂಡಿ ಪೂರ್ತಿ ತೆರೆದು, ತಂತಿಬೇಲಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ ನಿಂತರೆ, ಒಳಗಿನ ಪ್ರಾಣಿ ಬೇಲಿಯಿಂದ ದೂರ ಇದ್ದಾಗ ತಂತಿ ಫೋಟೋದಲ್ಲಿ ಕಾಣದಷ್ಟು ಮಸುಕಾಗುತ್ತದೆ.

ನಿಕಾನ್ ಕೊಳ್ಳುವವರು ಬೀಳುವ ಹಳ್ಳ ಒಂದಿದೆ. ಡಿ3500, ಡಿ5600ನಂಥ ಬಾಡಿಗಳೊಳಗೆ ಫೋಕಸ್ ಮೋಟಾರ್ ಇಲ್ಲ. ಅಗ್ಗ ಎಂದು 50 ಮಿ.ಮೀ. ಎಫ್/1.8ಡಿ ತಂದರೆ ಅದು ತಾನಾಗಿ ಫೋಕಸ್ ಮಾಡುವುದಿಲ್ಲ, ಕೈಯಿಂದಲೇ ತಿರುಗಿಸುತ್ತ ಕೂರಬೇಕು. ಕೊನೆಯಲ್ಲಿ ‘ಜಿ’ ಇರುವ, ಎಎಫ್-ಎಸ್ ಎಂದು ಬರೆದ ಲೆನ್ಸ್ ಕೇಳಿ. ಇದರ ಉಲ್ಟಾ ಹಳ್ಳವೂ ಇದೆ: ಎಎಫ್-ಪಿ ಎಂಬ ಹೊಸ ಲೆನ್ಸ್‌ಗಳು ಡಿ3100, ಡಿ5100ನಂಥ ಹಳೆಯ ಬಾಡಿಗಳಲ್ಲಿ ಫೋಕಸ್ ಆಗುವುದೇ ಇಲ್ಲ. ಕ್ಯಾನನ್ ಡಿಎಸ್ಎಲ್ಆರ್‌ಗಳಲ್ಲಿ ಈ ತಲೆನೋವು ಇಲ್ಲ.

‘ಡಿಎಸ್ಎಲ್ಆರ್ ಕಾಲ ಮುಗಿಯಿತು’ ನಿಜವೇ?

ಬಹುಮಟ್ಟಿಗೆ ನಿಜ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆಗೆ ಕಂಪನಿಗಳು ಹೊರಳಿವೆ. 2021ರ ಕೊನೆಯಲ್ಲಿ ಕ್ಯಾನನ್ ಮುಖ್ಯಸ್ಥರು ತಮ್ಮ ಅತ್ಯುನ್ನತ ಡಿಎಸ್ಎಲ್ಆರ್ ಇನ್ನು ಮುಂದೆ ಬರುವುದಿಲ್ಲ ಎಂದರು. ನಿಕಾನ್ ಡಿ3500, ಡಿ5600 ತಯಾರಿಕೆ ನಿಲ್ಲಿಸಿದೆ. ಆದರೆ ಹೊಸ ಮಾದರಿ ಬರುವುದು ನಿಂತ ಮಾತ್ರಕ್ಕೆ ಇರುವ ಕ್ಯಾಮೆರಾ ಫೋಟೋ ತೆಗೆಯುವುದನ್ನು ಬಿಡುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಇದು ಒಳ್ಳೆಯ ಸುದ್ದಿ. ಮಿರರ್‌ಲೆಸ್‌ಗೆ ಹೋಗುವ ಸ್ಟುಡಿಯೋದವರು ಹಳೆಯ ಬಾಡಿ, ಲೆನ್ಸ್ ಮಾರುತ್ತಿದ್ದಾರೆ, ಬೆಲೆ ಇಳಿದಿದೆ. ಮುಂದೆ ನೀವೂ ಮಿರರ್‌ಲೆಸ್‌ಗೆ ಹೋದರೆ ಅಡಾಪ್ಟರ್ ಹಾಕಿ ಕ್ಯಾನನ್ ಲೆನ್ಸ್‌ಗಳನ್ನು, ನಿಕಾನ್‌ನ ಎಎಫ್-ಎಸ್ ಲೆನ್ಸ್‌ಗಳನ್ನು ಫೋಕಸ್ ಸಮೇತ ಬಳಸಬಹುದು. ಲೆನ್ಸಿಗೆ ಹಾಕಿದ ದುಡ್ಡು ಉಳಿಯುತ್ತದೆ ಎನ್ನುವುದು ಇದಕ್ಕೇ.

ಹೊಸದೇ ಬೇಕೆಂದರೆ ಕ್ಯಾನನ್ 1500ಡಿ ಕಿಟ್ ಲೆನ್ಸ್ ಸಮೇತ ನಲವತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿತ್ತು, ಕೊಳ್ಳುವ ದಿನದ ಬೆಲೆ ನೋಡಿಕೊಳ್ಳಿ. ಅದಕ್ಕಿಂತ ಅಗ್ಗದ 3000ಡಿ ಬೇಡ ಎಂಬುದು ನಮ್ಮ ಅಭಿಪ್ರಾಯ. ಅದರ ಸೆನ್ಸರ್ 18 ಮೆಗಾಪಿಕ್ಸೆಲ್ ಎಂಬುದು ಕಾರಣವಲ್ಲ. ಲೆನ್ಸ್ ಕೂರುವ ಬಳೆಯನ್ನೇ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದಾರೆ. ಬಿಲ್ ಇಲ್ಲದೆ ಕೊಂಡರೆ 18 ಪರ್ಸೆಂಟ್ ಉಳಿತಾಯ ಎಂಬ ಮಾತು ಬಂದರೆ ಲೆಕ್ಕ ಹಾಕಿ. ಕ್ಯಾಮೆರಾದ ಜಿಎಸ್‌ಟಿ 2019ರ ಜನವರಿಯಿಂದ 18 ಪರ್ಸೆಂಟ್, ನಿಜ. ಆದರೆ ತೆರಿಗೆ ಸೇರಿ 40,000 ಇರುವ ವಸ್ತುವಿನಲ್ಲಿ ತೆರಿಗೆ ಸುಮಾರು 6,100, ಅಂದರೆ 15 ಪರ್ಸೆಂಟ್ ಮಾತ್ರ. ಅಷ್ಟಕ್ಕಾಗಿ ವಾರಂಟಿ ಕೈಬಿಟ್ಟುಹೋಗುತ್ತದೆ.

ಹಳೆಯದನ್ನು ಕೊಳ್ಳುವಾಗ

ಬೈಕಿಗೆ ಕಿಲೋಮೀಟರ್ ಇದ್ದ ಹಾಗೆ ಡಿಎಸ್ಎಲ್ಆರ್‌ಗೆ ಶಟರ್ ಕೌಂಟ್. ಪ್ರತಿ ಕ್ಲಿಕ್ಕಿಗೂ ಒಳಗಿನ ಪರದೆ ತೆರೆದು ಮುಚ್ಚುತ್ತದೆ. ಡಿ3500ನಂಥ ಕ್ಯಾಮೆರಾದಲ್ಲಿ ಅದನ್ನು ಒಂದು ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಿರುತ್ತಾರೆ. ಒಂದು ಮದುವೆಗೆ 2,500 ಕ್ಲಿಕ್ ಎಂದು ಹಿಡಿದರೂ 40 ಮದುವೆಗೆ ಲಕ್ಷ ಮುಗಿಯಿತು. ಹಾಗಾಗಿ ‘ಎರಡೇ ವರ್ಷ ಹಳೆಯದು ಸಾರ್’ ಎಂಬ ಮಾತಿಗೆ ಅರ್ಥವಿಲ್ಲ. ಮದುವೆಗೆ ದುಡಿದ ಎರಡು ವರ್ಷದ ಕ್ಯಾಮೆರಾಕ್ಕಿಂತ ಬೀರುವಿನಲ್ಲಿದ್ದ ಆರು ವರ್ಷದ್ದು ಮೇಲು. ನಿಕಾನ್ ಫೋಟೋದ ಫೈಲಿನೊಳಗೇ ಈ ಸಂಖ್ಯೆ ಇರುತ್ತದೆ. ತಿದ್ದದ ಒಂದು ಫೋಟೋ ಇಸಿದುಕೊಂಡು ನೋಡಬಹುದು. ಕ್ಯಾನನ್‌ನ ಹೆಚ್ಚಿನ ಮಾದರಿಗಳಲ್ಲಿ ಬೇರೆ ಸಾಫ್ಟ್‌ವೇರ್ ಬೇಕಾಗುತ್ತದೆ.

ಆಮೇಲೆ ಬೂಷ್ಟು. ನಮ್ಮ ಜಿಲ್ಲೆ ಒಣನಾಡು, ಇಲ್ಲಿಯೇ ಬಳಸಿದ ಲೆನ್ಸಿಗೆ ಬೂಷ್ಟು ಹಿಡಿಯುವುದು ಕಡಿಮೆ. ಮಲೆನಾಡು, ಕರಾವಳಿಯಿಂದ ಬಂದದ್ದಾದರೆ ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದೆ ಹಿಡಿದು ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೇಡ ಎನ್ನಿ. ಕ್ಯಾಮೆರಾವನ್ನು ಅಕ್ಕಿ ಡಬ್ಬಿಯಲ್ಲಿಟ್ಟರೆ ತೇವ ಹೋಗುತ್ತದೆ ಎಂಬ ಫಾರ್ವರ್ಡನ್ನು ನಂಬಬೇಡಿ. ಅಕ್ಕಿ ತೇವ ಹೀರುವುದು ಅಷ್ಟಕ್ಕಷ್ಟೇ, ಅದರ ಹಿಟ್ಟಿನ ಪುಡಿ ಮಾತ್ರ ಸಂದಿಗೆಲ್ಲ ಸೇರುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಸಾಕು.

ಇಂಥ ಖರೀದಿಯಲ್ಲಿ ಅತಿ ದೊಡ್ಡ ನಷ್ಟ ಆಗುವುದು ಮಾತ್ರ ಬೂಷ್ಟಿನಿಂದಲ್ಲ. ತಾನು ಸೈನಿಕ, ವರ್ಗವಾಗಿದೆ, ಅದಕ್ಕೇ ಅರ್ಧ ಬೆಲೆಗೆ ಕೊಡುತ್ತಿದ್ದೇನೆ ಎಂದು ಗುರುತಿನ ಚೀಟಿಯ ಫೋಟೋ ಕಳಿಸಿ ಮುಂಗಡ ಕೇಳುವುದು ದೇಶದೆಲ್ಲೆಡೆ ನಡೆದಿರುವ ಹಳೆಯ ಮೋಸ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ಕ್ಲಿಕ್ಕಿಸಿ ನೋಡುವ ತನಕ ಒಂದು ರೂಪಾಯಿಯನ್ನೂ ಕಳಿಸಬೇಡಿ. ‘ವಾಪಸ್ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದರೆ ಫೋನ್ ಇಟ್ಟುಬಿಡಿ. ದುಡ್ಡು ಪಡೆಯಲು ಪಿನ್ ಬೇಕಿಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮದುವೆಯ ಆರ್ಡರ್ ಹಿಡಿಯುವ ಮೊದಲು

ಈಗ ಇಎಂಐ ತಾನಾಗಿಯೇ ತೀರುತ್ತದೆ ಎಂಬ ಎರಡನೆಯ ಸಂದೇಶಕ್ಕೆ ಬರೋಣ. ಆರಂಭಿಕ ಡಿಎಸ್ಎಲ್ಆರ್‌ಗಳಲ್ಲಿ ಮೆಮೊರಿ ಕಾರ್ಡಿಗೆ ಒಂದೇ ಜಾಗ. ಮಾಂಗಲ್ಯಧಾರಣೆಯ ಹೊತ್ತಿಗೆ ಕಾರ್ಡ್ ಕೆಟ್ಟರೆ ‘ಇನ್ನೊಂದ್ಸಲ ಕಟ್ಟಿ’ ಎಂದು ಹೇಳಲಾಗುವುದಿಲ್ಲ. ಆ ಮನೆಯವರಿಗೆ ಆಗುವ ನಷ್ಟವನ್ನು ಮುಂಗಡ ವಾಪಸ್ ಕೊಟ್ಟು ತುಂಬಲಾಗದು. ಮಂಟಪಗಳ ಎಲ್ಇಡಿ ದೀಪಗಳದ್ದು ಇನ್ನೊಂದು ಕಾಟ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ ಜಾಸ್ತಿ ಇಟ್ಟರೆ ಫೋಟೋದಲ್ಲಿ ಪಟ್ಟಿ ಬೀಳುತ್ತದೆ. 1/50 ಅಥವಾ 1/100 ಇಟ್ಟರೆ ಹೆಚ್ಚಿನ ಕಡೆ ಪಾರಾಗಬಹುದು. ಇಂಥವು ಗೊತ್ತಾಗುವುದು ಊರಿನ ಸ್ಟುಡಿಯೋದವರ ಜೊತೆ ಸಹಾಯಕರಾಗಿ ಹತ್ತು ಮದುವೆ ಓಡಾಡಿದ ಮೇಲೆ. ಆಗಲೂ ಇದೇ ಕೆಲಸ ಎಂಬ ಮನಸ್ಸಿದ್ದರೆ ಎರಡು ಕಾರ್ಡ್ ಹಿಡಿಯುವ, ಬಾಡಿಯೊಳಗೇ ಫೋಕಸ್ ಮೋಟಾರ್ ಇರುವ ನಿಕಾನ್ ಡಿ7200 ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ. 2015ರ ಮಾದರಿ, 24 ಮೆಗಾಪಿಕ್ಸೆಲ್. 12×18 ಇಂಚಿನ ಆಲ್ಬಂ ಹಾಳೆಗೆ ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿದರೂ 19.4 ಮೆಗಾಪಿಕ್ಸೆಲ್ ಸಾಕು.

ದುರ್ಗದ ಗುಡ್ಡಗಳ ಗಾಳಿಯ ಬಗ್ಗೆಯೂ ಒಂದು ಮಾತು. ಗಾಳಿಯಂತ್ರ ತಿರುಗಿಸುವ ಗಾಳಿಯೇ ಧೂಳನ್ನೂ ಹೊತ್ತು ತರುತ್ತದೆ. ಗುಡ್ಡದ ಮೇಲೆ ನಿಂತು ಲೆನ್ಸ್ ಬದಲಿಸಬೇಡಿ. ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಹಾಕಿ, ಬಾಡಿಯ ಬಾಯಿ ಕೆಳಗೆ ಮಾಡಿ ಬದಲಿಸಿ. ಸೆನ್ಸರಿಗೆ ಧೂಳು ಬಿದ್ದರೆ ನೀಲಿ ಆಕಾಶದ ಫೋಟೋದಲ್ಲಿ ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ, ಬಟ್ಟೆಯಿಂದ ಒರೆಸಿದರೆ ಗೀಚು ಬೀಳುತ್ತದೆ. ಕೈಯಲ್ಲಿ ಅದುಮುವ ರಬ್ಬರ್ ಬ್ಲೋಯರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕ್ಯಾಮೆರಾದ ಜೊತೆಗೇ ಅದನ್ನೂ ತಗೊಳ್ಳಿ.