ಗಾಳಿ ಇಳಿಸುವ ಸಾಧನ: ಯಾವುದು ತರಿಸೋಣ?

ಮಳೆಗಾಲದಲ್ಲಿ ತೋಟದ ಏರು ಹತ್ತಲಾರದೆ ಜೀಪು ಜಾರಿದರೆ ಟಯರಿನ ಗಾಳಿ ಇಳಿಸುವುದು ಬೆಳೆಗಾರ ಬಂಧುಗಳಿಗೆ ಹೊಸ ವಿಷಯವಲ್ಲ. 30 ಪೌಂಡು ಇದ್ದುದನ್ನು 20ರ ಆಸುಪಾಸಿಗೆ ತಂದರೆ ಟಯರು ನೆಲದ ಮೇಲೆ ಉದ್ದಕ್ಕೆ ಹರಡಿ ಹಿಡಿತ ಹೆಚ್ಚುತ್ತದೆ. ಆದರೆ ಕಡ್ಡಿಯಿಂದ ವಾಲ್ವ್ ಒತ್ತಿ ಅಂದಾಜಿನಲ್ಲಿ ಬಿಡುವುದೇ ನಮ್ಮಲ್ಲಿ ರೂಢಿ. ನಾವೂ ಹಾಗೆ ಮಾಡಿ, ತಿರುವಿನಲ್ಲಿ ಟಯರು ರಿಮ್ಮಿನಿಂದ ಕಳಚಿಕೊಂಡು, ಆರು ಮಂದಿ ಆಳುಗಳೊಡನೆ ಮಳೆಯಲ್ಲಿ ನಡೆದು ಮನೆ ಸೇರಿದವರೇ.

ಈಗ ಇದಕ್ಕೆಂದೇ ಡಿಫ್ಲೇಟರುಗಳು ಬಂದಿವೆ. ಸಂಘದ ಮಳಿಗೆಗೆ ಯಾವುದನ್ನು ತರಿಸುತ್ತೀರಿ ಎಂದು ಸದಸ್ಯರು ಕೇಳುತ್ತಿದ್ದಾರೆ. ನಾಲ್ಕು ಚಕ್ರಕ್ಕೂ ಸಿಕ್ಕಿಸಿದರೆ ಗೊತ್ತುಪಡಿಸಿದ ಒತ್ತಡದಲ್ಲಿ ತಾವಾಗಿಯೇ ನಿಲ್ಲುವಂಥವು ನೋಡಲು ಚೆಂದ. ಆದರೆ ಖಾಲಿ ಜೀಪಿಗೆ ಬೇಕಾದ ಒತ್ತಡ ಬೇರೆ, ಮೂಟೆ ಹೇರಿದ ಪಿಕಪ್ಪಿಗೆ ಬೇರೆ. ಪ್ರತಿ ಸಲವೂ ಅವನ್ನು ಹೊಂದಿಸುತ್ತ ಕೂರಲು ಯಾರಿಗೆ ಪುರಸೊತ್ತು? ವಾಲ್ವಿನ ಪಿನ್ನನ್ನು ತಿರುಚಿ ಹೊರಗೆಳೆದು ಬೇಗನೆ ಗಾಳಿ ಬಿಡುವ, ಗೇಜು ಸಹಿತ ಇರುವ ಒಂದೇ ಸಾಧನ ನಮಗೆ ಸಾಕು. ಪಿನ್ನು ಸಾಧನದೊಳಗೇ ಉಳಿಯುವುದರಿಂದ ಕೆಸರಿನಲ್ಲಿ ಹುಡುಕುವ ಪಾಡಿಲ್ಲ. ಗಾಳಿ ಹೊರಹೋಗುತ್ತಿರುವಾಗ ಮುಳ್ಳು ಕಡಿಮೆ ತೋರಿಸುತ್ತದೆ. ನಡುನಡುವೆ ನಿಲ್ಲಿಸಿಯೇ ನೋಡಬೇಕು.

ಉಳಿಸಿದ ಹಣದಲ್ಲಿ ಬ್ಯಾಟರಿಯಿಂದ ನಡೆಯುವ ಪಂಪು ಕೊಳ್ಳಿ. ಗಾಳಿ ಕಡಿಮೆಯಿರುವ ಟಯರಿನಲ್ಲೇ ಡಾಂಬರಿನ ಮೇಲೆ ಪೇಟೆಗೆ ಓಡಿಸಿದರೆ ಪಕ್ಕೆ ಮಡಚಿ ಮಡಚಿ ಕಾದು ಟಯರು ಸಿಡಿಯಬಹುದು. ಆದ್ದರಿಂದ ಪಂಪಿಲ್ಲದವರಿಗೆ ಮಳಿಗೆಯಿಂದ ಡಿಫ್ಲೇಟರು ಕೊಡಬಾರದೆಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಸೂಚಿಸಲಿದ್ದೇವೆ. ಅತಿಯಾಯಿತೆನ್ನುವವರು ಸಭೆಗೆ ಮುಂಚೆ ಬರೆದು ತಿಳಿಸಲಿ.